ಧಾರವಾಡದ ಜಿ.ಎ.

ಪುಣೆಯ ಕೋಥರೂಡಿನಲ್ಲಿ ಕಥೆಗಾರ ಜಿ.ಎ. ಕುಲಕರ್ಣಿ ಹೆಸರಿನ ರಸ್ತೆಯಿದೆ. ಅಲ್ಲಿಯವರು ಅವರನ್ನು ತಮ್ಮವರೆಂದರೆ ತಪ್ಪಿಲ್ಲ. ಕನ್ನಡಿಗರು ತಮ್ಮವರಲ್ಲ ಎನ್ನುವುದು ತಪ್ಪು. 1923ರಲ್ಲಿ ಬೆಳಗಾವಿ ಸೀಮೆಯಲ್ಲಿ ಹುಟ್ಟಿ, ಧಾರವಾಡದ ಕಾಲೇಜಿನಲ್ಲಿ ದಶಕಗಟ್ಟಲೆ ಇಂಗ್ಲಿಷ್ ಕಲಿಸಿದ ಮನುಷ್ಯ ಪುಣೆ ಸೇರಿದ್ದು ಕೊನೆಗಾಲದಲ್ಲಿ. 1987ರಲ್ಲಿ ಅಲ್ಲೇ ತೀರಿಕೊಂಡರು. ‘ಕಾಜಳಮಾಯಾ’ಕ್ಕೆ 1973ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಅಚ್ಚಾದ ದಿನಾಂಕದ ಬಗ್ಗೆ ತಕರಾರೆದ್ದಾಗ ಪ್ರಶಸ್ತಿಯನ್ನೇ ವಾಪಸು ಕೊಟ್ಟರು. (ಆ ಬಿರುಸು ಧಾರವಾಡದ್ದೇ ಇರಬೇಕು.)

ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರನ್ನು ವರಕವಿ ಎಂದು ಹೊತ್ತು ಮೆರೆಸಿದ ನಾಡು, ಅದೇ ಊರಿನಲ್ಲಿ ಕೂತು ಮರಾಠಿಯಲ್ಲಿ ಬರೆದವರನ್ನು ‘ಅವರ ಲೇಖಕ’ ಎಂದು ದಾಟಿಬಿಡುತ್ತದೆ. ಗಡಿಯ ನೆಲ ಬೇಕು, ಗಡಿಯ ಕಥೆಗಾರ ಬೇಡ! ಬೆಳಗಾವಿ ನಮ್ಮದೆಂದು ಗಂಟಲು ಹರಿದುಕೊಳ್ಳುವವರು ಮೊದಲು ಜಿ.ಎ. ಅವರ ಸಮಗ್ರ ಕಥೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಅನುವಾದಕರಿಗೆ ಶಾಲು-ಹಾರ ಸಾಲದು, ಸಂಭಾವನೆಯನ್ನೂ ಕೊಡಲಿ.