ದಾಳ ಅದೇ, ಲೆಕ್ಕ ಬೇರೆ

ಪಠ್ಯಪುಸ್ತಕ ಬದಲಾದರೆ ಹಳೆಯದು ರದ್ದಿಗೆ ಹೋಗುತ್ತದೆ. ಆಟದ ನಿಯಮ ಪುಸ್ತಕ ಬದಲಾದರೆ? ಹಳೆಯದನ್ನು ಎಸೆಯಲು ಆಟಗಾರರು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. 1974ರಿಂದ 2024ರವರೆಗಿನ ಐವತ್ತು ವರ್ಷಗಳಲ್ಲಿ ಈ ಆಟದ ನಿಯಮಗಳು ಹಲವು ಸಲ ಪರಿಷ್ಕಾರಗೊಂಡವು. ಪ್ರತಿ ಸಲವೂ 'ಹಳೆಯದೇ ಚೆನ್ನ', 'ಹೊಸದೇ ಸರಿ' ಎಂಬ ವಾದ ನಡೆಯಿತು. ಆ ವಾದದೊಳಗೆ ಗಣಿತವೂ ಉಂಟು, ನ್ಯಾಯದ ಪ್ರಶ್ನೆಯೂ ಉಂಟು.

ಇದು ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬ ಸೂತ್ರಧಾರ, ಕಥೆ ಹೇಳುವವನು ಅವನೇ. ಉಳಿದವರು ಯೋಧ, ಮಂತ್ರವಾದಿ ಮುಂತಾದ ಪಾತ್ರಗಳನ್ನು ವಹಿಸುತ್ತಾರೆ. 'ಎದುರಿಗೆ ಕತ್ತಲ ಗುಹೆ, ಒಳಗೆ ಏನೋ ಸದ್ದು' ಎಂದು ಸೂತ್ರಧಾರ ಹೇಳಿದರೆ, ತಮ್ಮ ಪಾತ್ರ ಏನು ಮಾಡುತ್ತದೆಂದು ಉಳಿದವರು ಹೇಳಬೇಕು. ಫಲ ಏನಾಗುವುದೋ ತಿಳಿಯದಿದ್ದಾಗ ದಾಳ ಉರುಳಿಸುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬಿಬ್ಬರು ರೂಪಿಸಿದ ಈ ಆಟ 1974ರಲ್ಲಿ ಮೂರು ಪುಟ್ಟ ಹೊತ್ತಗೆಗಳಾಗಿ ಹೊರಬಂತು.

ದಾಳ ಎಂದರೆ ಆರು ಮುಖದ್ದು ಎಂಬುದು ರೂಢಿ. ಇಲ್ಲಿ 4, 6, 8, 12 ಮತ್ತು 20 ಮುಖಗಳ ದಾಳಗಳೂ ಬೇಕು. ರೇಖಾಗಣಿತ ಓದಿದವರಿಗೆ ಇವು ಹೊಸತಲ್ಲ. ಪ್ಲೇಟೋನಿಕ್ ಘನಗಳು ಎಂದು ಹೆಸರಾದ ಐದು ಆಕೃತಿಗಳು ಇವೇ. ಇವುಗಳ ಎಲ್ಲ ಮುಖಗಳೂ ಒಂದೇ ಸಮವಾದ್ದರಿಂದ ಪ್ರತಿ ಮುಖ ಬೀಳುವ ಸಂಭವವೂ ಒಂದೇ.

ಕೂಡುವುದೋ, ಕಳೆಯುವುದೋ?

ಕತ್ತಿ ಬೀಸಿದರೆ ಎದುರಾಳಿಗೆ ತಾಗಿತೇ ಇಲ್ಲವೇ ಎಂಬುದು ಆಟದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಪ್ರತಿ ಎದುರಾಳಿಗೂ ಒಂದು ರಕ್ಷಣಾಂಕ ಇರುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಅಂಕ ಇಳಿದಷ್ಟೂ ರಕ್ಷಣೆ ಹೆಚ್ಚು; ರೈಲಿನ ಮೊದಲ ದರ್ಜೆ ಎರಡನೆಯದಕ್ಕಿಂತ ಮೇಲಲ್ಲವೇ, ಹಾಗೆ. ಎಷ್ಟು ಬಿದ್ದರೆ ಪೆಟ್ಟು ತಾಗುತ್ತದೆಂದು ನೋಡಲು ಕೋಷ್ಟಕಗಳಿದ್ದವು. 1979ರ ಪುಸ್ತಕದಲ್ಲಿ ಆ ಕೋಷ್ಟಕಗಳು ಸೂತ್ರಧಾರನ ಸಂಪುಟದಲ್ಲಿದ್ದವು, ಆಟಗಾರರ ಕೈಪಿಡಿಯಲ್ಲಿ ಅಲ್ಲ.

1989ರ ಎರಡನೆಯ ಆವೃತ್ತಿ ಕೋಷ್ಟಕದ ಬದಲು ಒಂದು ಸಂಖ್ಯೆಯನ್ನು ಮುಂದಿಟ್ಟಿತು. ಅದರ ಹೆಸರು 'ಥ್ಯಾಕೋ'. ರಕ್ಷಣಾಂಕ ಸೊನ್ನೆ ಇರುವ ಎದುರಾಳಿಗೆ ಪೆಟ್ಟು ತಾಗಲು 20 ಮುಖದ ದಾಳದಲ್ಲಿ ಬೀಳಬೇಕಾದ ಕನಿಷ್ಠ ಅಂಕ ಎಂದು ಅದರ ಅರ್ಥ. ಯೋಧನ ಥ್ಯಾಕೋ 18, ಎದುರಾಳಿಯ ರಕ್ಷಣಾಂಕ 4 ಆದರೆ 18ರಿಂದ 4 ಕಳೆಯಬೇಕು. 14 ಅಥವಾ ಹೆಚ್ಚು ಬಿದ್ದರೆ ಪೆಟ್ಟು ತಾಗಿತು. ಇಷ್ಟು ಸುಲಭ. ಆದರೆ ರಕ್ಷಣಾಂಕ ಸೊನ್ನೆಗಿಂತ ಕೆಳಗಿಳಿದು ಋಣ 3 ಆದರೆ? ಥ್ಯಾಕೋ 15 ಇದ್ದವನು 15ರಿಂದ ಋಣ 3ನ್ನು ಕಳೆಯಬೇಕು, ಉತ್ತರ 18. ಋಣ ಸಂಖ್ಯೆಯನ್ನು ಕಳೆಯುವಾಗ ಎಷ್ಟು ಮಕ್ಕಳು ತಡವರಿಸುತ್ತಾರೆಂಬುದು ಯಾವ ಗಣಿತದ ಮೇಷ್ಟರಿಗೂ ಗೊತ್ತು.

2000ನೇ ಇಸವಿಯ ಮೂರನೆಯ ಆವೃತ್ತಿ ಇದನ್ನು ತಿರುಗಿಸಿತು. ರಕ್ಷಣಾಂಕ ಏರಿದಷ್ಟೂ ರಕ್ಷಣೆ ಹೆಚ್ಚು. ದಾಳದ ಅಂಕಕ್ಕೆ ಯೋಧನ ಬಲವನ್ನು ಕೂಡಿಸಿದರೆ ಸಾಕು. ಮೊದಲಿನ ಉದಾಹರಣೆಯನ್ನೇ ಹೊಸ ರೀತಿಯಲ್ಲಿ ಬರೆದರೆ ರಕ್ಷಣಾಂಕ 16, ಯೋಧನ ಬಲ 2. ಬೀಳಬೇಕಾದ್ದು ಮತ್ತೆ 14. ಎರಡರಲ್ಲೂ ಸಂಭವನೀಯತೆ 20ರಲ್ಲಿ 7, ಅಂದರೆ ಶೇಕಡಾ 35. ಇಲ್ಲಿ ಬದಲಾದದ್ದು ಲೆಕ್ಕ ಮಾಡುವ ದಾರಿ. ಅದೃಷ್ಟ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಅದೃಷ್ಟವೇ ಬದಲಾದಾಗ

ಇನ್ನು ಕೆಲವು ತಿದ್ದುಪಡಿಗಳು ಅದೃಷ್ಟವನ್ನೇ ಬದಲಿಸಿದವು. ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳಿಗೆ ಅಂಕ ಕೊಡಲು 1974ರಲ್ಲಿ ಮೂರು ಸಾಮಾನ್ಯ ದಾಳಗಳನ್ನು ಉರುಳಿಸಿ ಕೂಡುತ್ತಿದ್ದರು. ಒಟ್ಟು 216 ಬಗೆಗಳಲ್ಲಿ 18 ಬೀಳುವುದು ಒಂದೇ ಬಗೆಯಲ್ಲಿ. ಮೂರನೆಯ ಆವೃತ್ತಿಯಲ್ಲಿ ನಾಲ್ಕು ದಾಳ ಉರುಳಿಸಿ ಕಡಿಮೆಯದನ್ನು ಬಿಡುವುದು ರೂಢಿಯಾಯಿತು. ಆಗ 1,296 ಬಗೆಗಳಲ್ಲಿ 21 ಬಗೆಗಳು 18 ಕೊಡುತ್ತವೆ. 21 ಹೇಗೆ ಬಂತೆಂದು ಕಾಗದ ಪೆನ್ಸಿಲು ಹಿಡಿದು ಎಣಿಸಿ ನೋಡಬಹುದು. 216ಕ್ಕೆ ಒಂದಿದ್ದದ್ದು ಸುಮಾರು 62ಕ್ಕೆ ಒಂದಾಯಿತು. ವೀರರು ಅಗ್ಗವಾದರು ಎಂದು ಹಳಬರು ಗೊಣಗಿದ್ದರೆ ಆಶ್ಚರ್ಯವಿಲ್ಲ. 2014ರ ಐದನೆಯ ಆವೃತ್ತಿ ದಾಳವೇ ಬೇಡವೆನ್ನುವವರಿಗೆ 15, 14, 13, 12, 10, 8 ಎಂಬ ಸಿದ್ಧ ಅಂಕಗಳನ್ನೂ ಕೊಟ್ಟಿತು. ಇದರಲ್ಲಿ ಎಲ್ಲರಿಗೂ ಸಮಪಾಲು. ಆದರೆ ಆರಂಭದ ಅಚ್ಚರಿ ಇಲ್ಲ.

ಐದನೆಯ ಆವೃತ್ತಿಯ ಇನ್ನೊಂದು ಹೊಸತು 'ಅನುಕೂಲ' ನಿಯಮ. ಸನ್ನಿವೇಶ ಪಾತ್ರಕ್ಕೆ ಅನುಕೂಲವಾಗಿದ್ದರೆ 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. 11 ಬೇಕಿದ್ದವನ ಗೆಲುವು ಶೇಕಡಾ 50ರಿಂದ 75ಕ್ಕೆ ಏರುತ್ತದೆ. 20ನ್ನೇ ಬಯಸುವವನಿಗೆ ಶೇಕಡಾ 5 ಇದ್ದದ್ದು 9.75 ಮಾತ್ರ. ಕೂಡುವ ಕೆಲಸವೇ ಇಲ್ಲ. ಆದರೆ ಅಸಾಧ್ಯಕ್ಕೆ ಹತ್ತಿರವಾದದ್ದು ಸುಲಭವೂ ಆಗಿಬಿಡುವುದಿಲ್ಲ.

ಲೆಕ್ಕಕ್ಕೆ ಸಿಗದ ತಿದ್ದುಪಡಿ

ಎಲ್ಲ ಬದಲಾವಣೆಗಳೂ ಅಂಕಿಗೆ ಸಂಬಂಧಿಸಿದವಲ್ಲ. 1978ರ ಕೈಪಿಡಿಯಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಗಂಡು ಪಾತ್ರಕ್ಕಿಂತ ಕಡಿಮೆ ಮಿತಿ ಹಾಕಲಾಗಿತ್ತು. ಬೆಂಕಿ ಉಗುಳುವ ಡ್ರ್ಯಾಗನ್ ಹಾರಾಡುವ ಲೋಕದಲ್ಲಿ ಹುಡುಗಿಯ ತೋಳಿಗೆ ಮಾತ್ರ ಅಳತೆಗೋಲು! 1989ರಲ್ಲಿ ಆ ಮಿತಿಯನ್ನು ತೆಗೆದರು. ಆಟ ಕೆಡಲಿಲ್ಲ. ಪ್ರಕೃತಿ ನಿಯಮದಂತೆ ಅಚ್ಚಾಗಿದ್ದದ್ದು ಬರೆದವರ ಅಭಿಪ್ರಾಯ ಎಂಬುದು ಇದರಿಂದ ಸ್ಪಷ್ಟ.

ಅದೇ 1989ರ ಆವೃತ್ತಿ ಇನ್ನೊಂದು ಕೆಲಸವನ್ನೂ ಮಾಡಿತು. ಈ ಆಟ ಮಕ್ಕಳನ್ನು ಸೈತಾನನ ದಾರಿಗೆ ಎಳೆಯುತ್ತದೆಂದು 1980ರ ದಶಕದಲ್ಲಿ ಅಮೆರಿಕದ ಕೆಲವು ಪಾಲಕರು ಮತ್ತು ಧಾರ್ಮಿಕ ಗುಂಪುಗಳು ಹುಯಿಲೆಬ್ಬಿಸಿದ್ದರು. ಪುಸ್ತಕದಿಂದ ಪಿಶಾಚಿ, ಸೈತಾನ ಎಂಬ ಹೆಸರುಗಳು ಮಾಯವಾದವು. ಆ ಜೀವಿಗಳು 'ತನಾರಿ', 'ಬಾತೆಜು' ಎಂಬ ಹೊಸ ಹೆಸರು ತೊಟ್ಟು ಹಿಂತಿರುಗಿದವು. 2000ದಲ್ಲಿ ಹಳೆಯ ಹೆಸರುಗಳೂ ಮರಳಿದವು. ಮಗ ಅಥವಾ ಮಗಳು ಏನು ಆಡುತ್ತಿದ್ದಾಳೆಂದು ತಿಳಿಯಲು ಪುಸ್ತಕದ ಹೆಸರು ತಿದ್ದಿಸುವುದಕ್ಕಿಂತ ಒಂದು ಗಂಟೆ ಆ ಮೇಜಿನ ಬಳಿ ಕೂರುವುದು ಮೇಲು. ಮೊದಲನೆಯ ತಿದ್ದುಪಡಿ ಒಂದು ಅನ್ಯಾಯ ಕಳೆಯಿತು. ಎರಡನೆಯದು ಭಯಕ್ಕೆ ಬಟ್ಟೆ ಹೊದಿಸಿತು. ಎರಡೂ ಒಂದೇ ಪುಸ್ತಕದಲ್ಲಿವೆ ಎಂಬುದನ್ನು ಮರೆಯಬಾರದು.

ಯಾವುದು ಸರಿ?

2008ರ ನಾಲ್ಕನೆಯ ಆವೃತ್ತಿ ಎಲ್ಲ ಪಾತ್ರಗಳಿಗೂ ಸಮಾನ ಚೌಕಟ್ಟಿನ ಶಕ್ತಿಗಳನ್ನು ಹಂಚಿತು. ಪಾತ್ರಗಳೆಲ್ಲ ಒಂದೇ ರೀತಿ ಕಾಣುತ್ತವೆಂದು ಅನೇಕರು ಮುನಿದರು. ಮೂರನೆಯ ಆವೃತ್ತಿಯ ನಿಯಮಗಳನ್ನು ಇತರರೂ ಬಳಸಲು 2000ದಲ್ಲಿ ಮುಕ್ತ ಪರವಾನಗಿ ಕೊಟ್ಟಿದ್ದರು. ಅದರ ಬಲದಿಂದ 2009ರಲ್ಲಿ 'ಪಾಥ್‌ಫೈಂಡರ್' ಎಂಬ ಬೇರೆಯೇ ಆಟ ಬಂತು. 2023ರ ಆರಂಭದಲ್ಲಿ ಆ ಪರವಾನಗಿಯನ್ನು ಬಿಗಿಗೊಳಿಸುವ ಯೋಜನೆ ಬಯಲಾದಾಗ ಆಟಗಾರರು ಸಿಡಿದೆದ್ದರು. ಕಂಪನಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು.

ವಿಜ್ಞಾನದಲ್ಲಿ ಹೊಸ ಪ್ರಯೋಗ ಹಳೆಯ ಸಿದ್ಧಾಂತವನ್ನು ತಪ್ಪೆಂದು ತೋರಿಸಬಲ್ಲದು. ಆಟದ ನಿಯಮ ಹಾಗಲ್ಲ, ಅದು ಒಪ್ಪಂದ. ಥ್ಯಾಕೋ 1989ರಲ್ಲಿ ಎಷ್ಟು ನಿಜವಾಗಿತ್ತೋ ಇಂದೂ ಅಷ್ಟೇ ನಿಜ. ನಾಲ್ವರು ಒಪ್ಪಿದರೆ ಇವತ್ತು ಸಂಜೆಯೂ ಆಡಬಹುದು. ಹಾಗಾಗಿ ಆವೃತ್ತಿಗಳನ್ನು ಹೋಲಿಸುವವರು 'ಯಾವುದು ಸರಿ' ಎಂದು ಕೇಳುವ ಬದಲು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಫಲ ಬದಲಾಯಿತೇ, ಲೆಕ್ಕದ ದಾರಿ ಮಾತ್ರವೇ? ಲೆಕ್ಕ ಯಾರ ಕಣ್ಣಿಗೆ ಬೀಳುತ್ತದೆ? ಮೇಜಿನ ಸುತ್ತ ಕುಳಿತವರಲ್ಲಿ ಯಾರಿಗೆ ಅದರಿಂದ ಜಾಗ ಸಿಕ್ಕಿತು, ಯಾರಿಗೆ ತಪ್ಪಿತು? ಮನೆಯ ನಿಯಮ, ಶಾಲೆಯ ನಿಯಮ ಬದಲಾದಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ.