ಹಲಸು ತಿಂದು ಊದಿದರೂ ಬೀಪ್: ತಪ್ಪು ಯಂತ್ರದ್ದಾ, ಊದಿಸುವ ಕ್ರಮದ್ದಾ?

ಕೇರಳದ ಪಂದಳಂ ಬಸ್ ಡಿಪೋದಲ್ಲಿ 2025ರ ಜುಲೈನಲ್ಲಿ ನಡೆದದ್ದು ನೆನಪಿರಬಹುದು. ಬೆಳಿಗ್ಗೆ ಡ್ಯೂಟಿಗೆ ಬಂದ ಚಾಲಕರು ಊದಿದರೆ ಯಂತ್ರ ಮದ್ಯ ಇದೆ ಅಂತ ತೋರಿಸಿತು. ಕುಡಿದಿಲ್ಲ ಅಂತ ಅವರ ವಾದ. ಅವರು ತಿಂದಿದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ. ಮೊದಲು ಊದಿ ಪಾಸಾಗಿದ್ದ ಒಬ್ಬರಿಗೆ ತೊಳೆ ತಿನ್ನಿಸಿ ಮತ್ತೆ ಊದಿಸಿದರೆ ಅವರಿಗೂ ಬೀಪ್!

ಓದೋಕೆ ನಗು ಬರುತ್ತೆ. ಆಟೊ, ಗೂಡ್ಸ್ ಗಾಡಿ ಓಡಿಸೋರಿಗೆ ಬರಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಮೊದಲ ಸಲವೇ 10,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಯಂತ್ರ ರಕ್ತ ನೋಡಲ್ಲ, ಉಸಿರು ನೋಡುತ್ತೆ. 1 ಮಿ.ಲೀ. ರಕ್ತದಲ್ಲಿರುವಷ್ಟು ಮದ್ಯಸಾರ 2,100 ಮಿ.ಲೀ. ಉಸಿರಲ್ಲಿ ಇರುತ್ತೆ ಅನ್ನೋದು ಅದರ ಲೆಕ್ಕ. ಅಂದರೆ ಒಂದು ಲೀಟರ್ ಉಸಿರಲ್ಲಿ ಸುಮಾರು 0.14 ಮಿ.ಗ್ರಾಂ ಸಿಕ್ಕರೆ ಕೇಸು. ಉಸಿರು ಶ್ವಾಸಕೋಶದ ಆಳದಿಂದ ಬಂದಿದ್ದರೆ ಈ ಲೆಕ್ಕ ಸರಿ. ಬಾಯಲ್ಲೇ ಮದ್ಯಸಾರ ಉಳಿದಿದ್ದರೆ? ಅದನ್ನೂ 2,100ರಿಂದ ಗುಣಿಸಿಬಿಡುತ್ತೆ! ಹುದುಗಿದ ಹಣ್ಣು, ಕೆಲವು ಮೌತ್‌ವಾಶ್, ಹೋಮಿಯೋಪತಿ ಹನಿ, ಕೆಲವು ಕೆಮ್ಮಿನ ಸಿರಪ್, ಎಲ್ಲದಕ್ಕೂ ಇದೇ ಕಥೆ.

ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರೋದು ಫ್ಯುಯೆಲ್ ಸೆಲ್. ಮದ್ಯಸಾರ ಅದರೊಳಗಿನ ಪ್ಲಾಟಿನಂ ಮೇಲೆ ಬಿದ್ದು ಸಣ್ಣ ವಿದ್ಯುತ್ ಹುಟ್ಟುತ್ತೆ, ಅದೇ ರೀಡಿಂಗ್. ಇನ್ನೊಂದು ಜಾತಿ ಇನ್‌ಫ್ರಾರೆಡ್ ಯಂತ್ರ, ಮೇಜಿನ ಮೇಲೆ ಇಡುವಂಥದ್ದು. ಟಿವಿ ರಿಮೋಟ್‌ನಿಂದ ಹೊರಡುವ, ಕಣ್ಣಿಗೆ ಕಾಣದ ಬೆಳಕಿನ ಕುಲದ್ದೇ ಕಿರಣವನ್ನು ಇದು ನಮ್ಮ ಉಸಿರಿನ ಮೂಲಕ ಹಾಯಿಸುತ್ತೆ. ಮದ್ಯಸಾರ 3.4 ಮತ್ತು 9.5 ಮೈಕ್ರಾನ್ ಆಸುಪಾಸಿನ ಕಿರಣವನ್ನು ನುಂಗುತ್ತೆ. ಆ ಕಡೆ ಬೆಳಕು ಎಷ್ಟು ಕಡಿಮೆ ಬಂತೋ ಅಷ್ಟು ಮದ್ಯಸಾರ ಇದೆ ಅಂತ ಲೆಕ್ಕ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದವರ ಉಸಿರಲ್ಲಿ ಬರುವ ಅಸಿಟೋನ್ ಕೂಡ 3.4ರ ಹತ್ತಿರ ನುಂಗುತ್ತೆ. ಅದಕ್ಕೇ ಒಳ್ಳೆ ಯಂತ್ರಗಳು ಒಂದಕ್ಕಿಂತ ಹೆಚ್ಚು ಕಡೆ ಅಳೆದು ಎರಡನ್ನೂ ಬೇರೆ ಮಾಡುತ್ತವೆ.

ಇದರ ಇನ್ನೊಂದು ಅನುಕೂಲ, ಊದುತ್ತಿರುವಷ್ಟು ಹೊತ್ತೂ ಕ್ಷಣ ಕ್ಷಣ ಅಳೆಯುತ್ತೆ. ಹೊಟ್ಟೆಗೆ ಹೋದ ಮದ್ಯವಾದರೆ ರೀಡಿಂಗ್ ನಿಧಾನಕ್ಕೆ ಏರಿ ನಿಲ್ಲುತ್ತೆ. ಬಾಯಲ್ಲಿ ಉಳಿದದ್ದಾದರೆ ಸರ್ರನೆ ಏರಿ ಇಳಿಯುತ್ತೆ. ಆದರೂ ತೊಳೆಯ ಮದ್ಯಸಾರಕ್ಕೂ ಬ್ರಾಂಡಿಯದ್ದಕ್ಕೂ ವ್ಯತ್ಯಾಸ ಹುಡುಕೋಕೆ ಯಾವ ಯಂತ್ರಕ್ಕೂ ಆಗಲ್ಲ. ಎರಡೂ ಒಂದೇ ವಸ್ತು.

ಹಾಗಾಗಿ ನಂಬಿಕೆಯ ಉಪಾಯ ಗಡಿಯಾರವೇ. ಏನೂ ತಿನ್ನದೆ, ಕುಡಿಯದೆ 15 ನಿಮಿಷ ಬಿಟ್ಟು ಮತ್ತೆ ಊದಿದರೆ ಬಾಯಿಯದ್ದು ಹೋಗಿರುತ್ತೆ. ನಿಜವಾಗಿ ಕುಡಿದವನಿಗೆ ಇದರಿಂದ ಲಾಭ ಇಲ್ಲ, ರಕ್ತದಲ್ಲಿ ಮದ್ಯಸಾರ ಇಳಿಯೋದು ಗಂಟೆಗೆ ಸುಮಾರು 15 ಮಿ.ಗ್ರಾಂ ಮಾತ್ರ. ಮಧ್ಯರಾತ್ರಿ 150 ಇದ್ದವನು ಬೆಳಿಗ್ಗೆ ಆರಕ್ಕೆ ತರಕಾರಿ ಲೋಡ್ ಹೊತ್ತು ಹೊರಟರೆ ಇನ್ನೂ 60ರ ಹತ್ತಿರ ಇರ್ತಾನೆ, ಮಿತಿಯ ಎರಡರಷ್ಟು. ನಿದ್ದೆ ಮಾಡಿ ಎದ್ದೆ ಅನ್ನೋ ಮಾತು ನಡೆಯಲ್ಲ.

ರಾತ್ರಿ ಗಾಡಿಗಳು ಸಾಲುಗಟ್ಟಿ ನಿಂತಾಗ ಕಾಯಿಸೋದು ಪೊಲೀಸರಿಗೂ ಕಷ್ಟ, ಒಪ್ಪೋಣ. ಆದರೆ ಎಲ್ಲರನ್ನೂ ಕಾಯಿಸಬೇಕಿಲ್ಲ. ಬೀಪ್ ಬಂದವರನ್ನು ಪಕ್ಕಕ್ಕೆ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಊದಿಸಿದರೆ ಸಾಕು. ನಿಮಗೆ ಹಾಗಾದರೆ ಜಗಳಕ್ಕೆ ಇಳಿಯಬೇಡಿ. ಏನು ತಿಂದಿರಿ, ಯಾವ ಔಷಧಿ ತಗೊಂಡಿರಿ ಅಂತ ಅಲ್ಲೇ ಹೇಳಿ, ಎರಡನೇ ಸಲ ಊದಲು ಅವಕಾಶ ಕೇಳಿ. ಆಗಲೂ ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಅನ್ನಿ. ಸೆಕ್ಷನ್ 185ರಲ್ಲಿ ಈಗ ಲ್ಯಾಬ್ ಪರೀಕ್ಷೆಯ ಮಾತೂ ಇದೆ.