ಕೊಡಗು ಸ್ಕಾಟ್ಲೆಂಡ್ ಅಲ್ಲ ಮಾರಾಯ್ರೇ!

ಕಳೆದ ವಾರ ಆಫೀಸಿನಲ್ಲಿ ಟೀಮ್ ಔಟಿಂಗ್ ಎಲ್ಲಿಗೆ ಅಂತ ಚರ್ಚೆ. ಎಂದಿನಂತೆ ಐದೇ ನಿಮಿಷದಲ್ಲಿ ‘ಕೂರ್ಗ್’ ಅಂತ ತೀರ್ಮಾನ ಆಯ್ತು. "ಭಾರತದ ಸ್ಕಾಟ್ಲೆಂಡ್ ಕಣೋ ಅದು" ಅಂದ ಪಕ್ಕದ ಸೀಟಿನವನು, ಅದೂ ನನಗೆ! ನಾನು ಹುಟ್ಟಿದ್ದು ಮಡಿಕೇರಿಯಲ್ಲಿ, ಅಮ್ಮನ ತವರು ಮಕ್ಕಂದೂರಿನ ಕಡೆ. ಆವತ್ತು ರಿಲೀಸ್ ಇತ್ತು, ಸುಮ್ಮನಾದೆ. ಆ ಸಿಟ್ಟನ್ನೆಲ್ಲ ಈಗ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ :)

ಅವನನ್ನು ಬಿಡಿ, ಅವನಿಗೆ ಕನ್ನಡ ಓದೋಕೇ ಬರಲ್ಲ. ನನ್ನ ಜಗಳ ಇರೋದು ಕನ್ನಡದಲ್ಲಿ ಬರೆಯೋ ನಮ್ಮವರ ಜೊತೆ. ನಮ್ಮ ಬ್ಲಾಗುಗಳ ಕೊಡಗು ಪ್ರವಾಸಕಥನ ಒಂದನ್ನು ಓದಿದರೆ ಎಲ್ಲವನ್ನೂ ಓದಿದ ಹಾಗೆ. ಬೆಳಗಿನ ಜಾವ ಬೆಂಗಳೂರು ಬಿಟ್ಟೆವು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು, ರಾಜಾಸೀಟಿನಲ್ಲಿ ಮಂಜು ನೋಡಿದೆವು, ಅಬ್ಬಿ ಫಾಲ್ಸಲ್ಲಿ ಫೋಟೋ ತೆಗೆದೆವು, ಸ್ವರ್ಗವೇ ಧರೆಗಿಳಿದಿತ್ತು... (ಅಬ್ಬಿ ಅಂದ್ರೇನೇ ಜಲಪಾತ. ನೀವು ನೋಡಿದ್ದು ‘ಫಾಲ್ಸ್ ಫಾಲ್ಸ್’.) ಇಡೀ ಬರಹದಲ್ಲಿ ಆ ಊರಿನ ಒಬ್ಬ ಮನುಷ್ಯನಾದರೂ ಬಂದು ಹೋಗಿದ್ದಾನಾ? ಹೋಂಸ್ಟೇ ಆಂಟಿ ಮಾಡಿದ ಪಂದಿಕರಿ ಬಂದಿರುತ್ತೆ, ಆಂಟಿ ಬಂದಿರಲ್ಲ.

ಮಡಿಕೇರಿ ಕೋಟೆಯ ಒಳಗೆ ಎರಡು ಆನೆಗಳ ಪ್ರತಿಮೆ ಇವೆ, ಅವುಗಳ ಜೊತೆ ಸೆಲ್ಫಿ ತೆಗೆಯದೆ ವಾಪಸ್ ಬಂದವರನ್ನು ನಾನು ನೋಡಿಲ್ಲ. ಅದೇ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ಬ್ರಿಟಿಷರು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದರು. 1857ಕ್ಕೆ ಇಪ್ಪತ್ತು ವರ್ಷ ಮೊದಲೇ ಕೊಡಗು-ಸುಳ್ಯದ ರೈತರು ದಂಡು ಕಟ್ಟಿ ಘಟ್ಟ ಇಳಿದು ಮಂಗಳೂರನ್ನು ವಶ ಮಾಡಿಕೊಂಡಿದ್ದರು. ಎರಡು ವಾರ ಉಳಿಸಿಕೊಳ್ಳೋಕೆ ಆಗಲಿಲ್ಲ, ಸರಿ. ಆದರೆ ಎಷ್ಟು ಪ್ರವಾಸಕಥನಗಳಲ್ಲಿ ಒಂದು ಸಾಲಾದರೂ ಇದೆ ಹೇಳಿ?

ತಡಿಯಂಡಮೋಳ್ ಚಾರಣಕ್ಕೆ ಹೋಗೋರೂ ಅಷ್ಟೇ. 1748 ಮೀಟರ್ ಹತ್ತಿದೆವು ಅಂತ ಎದೆ ಉಬ್ಬಿಸಿ ಬರೀತಾರೆ. ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ, 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಇವರಿಗೆ ಅದು ಗಾಡಿ ನಿಲ್ಲಿಸೋ ಜಾಗ! 1834ರಲ್ಲಿ ಕಂಪನಿ ಸೈನ್ಯ ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಸೇರಿಕೊಂಡಿದ್ದು ಇಲ್ಲಿಗೇ. ಆಮೇಲೆ ಅವನನ್ನು ಕಾಶಿಗೆ ಕಳಿಸಿದರು. ಅಲ್ಲಿಂದ 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, ತನ್ನ ದುಡ್ಡು ವಾಪಸ್ ಕೊಡಿ ಅಂತ ಕಂಪನಿ ಮೇಲೇ ಕೋರ್ಟಿಗೆ ಹೋದ, 1859ರಲ್ಲಿ ಲಂಡನ್ನಿನಲ್ಲೇ ಸತ್ತ. ರಾಜ ಒಳ್ಳೆಯವನಾಗಿದ್ದ ಅಂತ ನಾನೇನೂ ಹೇಳ್ತಿಲ್ಲ. ನಮ್ಮ ರಾಜನೇ ಅವರ ಮಣ್ಣಲ್ಲಿ ಸತ್ತಿರುವಾಗ ನಮ್ಮ ಬೆಟ್ಟಕ್ಕೂ ಅವರ ಹೆಸರೇ ಬೇಕಾ ಅಂತ ಕೇಳ್ತಿದ್ದೇನೆ ಅಷ್ಟೇ.

ಇನ್ನು ಮಾಂದಲಪಟ್ಟಿ. 2008ರಲ್ಲಿ ‘ಗಾಳಿಪಟ’ ಬಂದಮೇಲೆ ಅದು ಮುಗಿಲುಪೇಟೆ. ನಾನೂ ಆ ಸಿನಿಮಾ ಹತ್ತು ಸಲ ನೋಡಿದ್ದೇನೆ, ಸುಳ್ಳು ಹೇಳಲ್ಲ. ಈಗ ವಾರಾಂತ್ಯದಲ್ಲಿ ಅಲ್ಲಿ ಜೀಪುಗಳ ಸಾಲು. ಅದೇ ಗುಡ್ಡಗಳ ಸುತ್ತಮುತ್ತ, ಕಾಲೂರು, ಮಕ್ಕಂದೂರು, ಹೆಬ್ಬೆಟ್ಟಗೇರಿ ಕಡೆ 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜಾರಿ ಬಂದವು. ನಮ್ಮ ಸೋದರಮಾವನ ಗದ್ದೆ ಇದ್ದ ಜಾಗದಲ್ಲಿ ಆಳೆತ್ತರ ಕೆಸರು, ಬುಡಮೇಲಾದ ಮರಗಳು. ಅತ್ತೆ ಪರಿಹಾರ ಕೇಂದ್ರದಲ್ಲಿ ಕೂತು ಹಸುವಿನ ಹೆಸರು ಹಿಡಿದು ಅಳ್ತಿದ್ರು. ಮಳೆ ವಿಪರೀತ ಬಂದಿದ್ದು ನಿಜ, ಪ್ರವಾಸಿಗಳೇ ಗುಡ್ಡ ಬೀಳಿಸಿದರು ಅನ್ನೋಕೆ ನಾನು ಮೂರ್ಖನಲ್ಲ. ಆದರೆ ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ರಸ್ತೆ, ಮನೆ, ರೆಸಾರ್ಟ್ ಅಂತ ಮಟ್ಟ ಮಾಡಿದರೆ ನೆನೆದ ಮಣ್ಣಿಗೆ ಬುಡದ ಆಸರೆ ತಪ್ಪುತ್ತೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ‘ವ್ಯೂ ಇರೋ ರೂಮ್’ ಬೇಕು ಅನ್ನೋರು ನಾವು, ಕಡಿಯೋದು ಇನ್ನೊಬ್ಬರು.

"ಪ್ರವಾಸಿಗಳಿಲ್ಲದಿದ್ದರೆ ನಿಮ್ಮವರಿಗೆ ಹೊಟ್ಟೆಗೇನು?" ಅಂತ ಕೇಳ್ತೀರಿ, ಗೊತ್ತು. ಗದ್ದೆ ಹೋದಮೇಲೆ ಅದೇ ಮಾವನ ಮಗ ಜೀಪ್ ಓಡಿಸೋದು, ಅದೇ ಮಾಂದಲಪಟ್ಟಿಗೆ. ನಾನು ಈ ಮಾತು ತೆಗೆದರೆ "ನಿಂಗೆ ಸಂಬಳ ಬರುತ್ತೆ ಭಾವ" ಅಂತಾನೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಹಾಗಾಗಿ ಬರಬೇಡಿ ಅಂತ ಹೇಳ್ತಿಲ್ಲ. ‘ಯಾರಿಗೂ ಗೊತ್ತಿಲ್ಲದ ಜಾಗ’ ಅಂತ ಮ್ಯಾಪ್ ಸಮೇತ ಹಾಕಬೇಡಿ, ಅದು ಯಾರದೋ ದೇವರಕಾಡಾಗಿರುತ್ತೆ. ಕೊಡಗಿನಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ, ಅಲ್ಲಿ ಜನ ಕೊಂಬೆ ಕಡಿಯೋಕೂ ಹೆದರ್ತಾರೆ. ನಿಮಗೆ ಅಲ್ಲಿ ಡ್ರೋನ್ ಹಾರಿಸಬೇಕು!

ಔಟಿಂಗ್ ನವೆಂಬರಿನಲ್ಲಿ. ನಾನೂ ಹೋಗ್ತಿದ್ದೇನೆ. ಜೀಪ್ ನಮ್ಮ ಮಾವನ ಮಗನದ್ದೇ ಬುಕ್ ಮಾಡಿಸಿದ್ದೇನೆ. ಆನೆ ಮುಂದೆ ಎಲ್ಲರೂ ಫೋಟೋಗೆ ನಿಂತಾಗ ಹತ್ತು ನಿಮಿಷ ಅಪ್ಪಯ್ಯಗೌಡರ ಕಥೆ ಹೇಳದೆ ಬಿಡೋನಲ್ಲ. ಮ್ಯಾನೇಜರ್ ಆಕಳಿಸಿದರೂ ಸರಿ.